ಕೋಡಿಂಗ್ ಕಲಿಯೋದಾ, ಓದ್ಕೊಂಡಿರೋದಾ? ಹೊಸ ಸಂಶೋಧಕರಿಗೆ ನಿಜವಾದ ಅವಕಾಶ ಎಲ್ಲಿದೆ?

ಎರಡನೇವರ್ಷ:
ಎಲ್ರಿಗೂ ನಮಸ್ಕಾರ. ಸಮಾಜವಿಜ್ಞಾನದಲ್ಲಿ ಪಿಎಚ್‌ಡಿ ಮಾಡ್ತಿದೀನಿ. ನಮ್ಮ ವಿಭಾಗದಲ್ಲಿ ಹಿರಿಯರ ನಡುವೆ ದಿನಾ ಒಂದೇ ವಾದ. ಕೆಲವರು "ಕೋಡಿಂಗ್ ಬರದಿದ್ರೆ ಮುಂದೆ ಯಾವ ಫೆಲೋಶಿಪ್ಪೂ ಸಿಗಲ್ಲ" ಅಂತಾರೆ. ಇನ್ನು ಕೆಲವರು "ಮೊದಲು ಓದು, ಸಾಫ್ಟ್‌ವೇರ್ ಹಿಂದೆ ಬಿದ್ದು ವಿಷಯವನ್ನೇ ಮರೆತವರನ್ನ ಬೇಕಾದಷ್ಟು ನೋಡಿದೀವಿ" ಅಂತಾರೆ. ಈ ಮಧ್ಯೆ ಇಮೇಲ್ ತೆಗೆದ್ರೆ ಹೊಸ ಎಐ ಟೂಲು, ವೆಬಿನಾರು, ಕಾರ್ಯಾಗಾರ. ಯಾವುದು ಕೆಲಸಕ್ಕೆ ಬರುತ್ತೆ, ಯಾವುದು ಬರೀ ಸದ್ದು ಅಂತ ತಿಳೀತಿಲ್ಲ.

ಮೊದಲು ಏನು ಕಲೀಬೇಕು? ಲಿಟರೇಚರ್ ರಿವ್ಯೂನ (ವಿಷಯದ ಬಗ್ಗೆ ಈಗಾಗ್ಲೇ ಬಂದಿರೋ ಪೇಪರ್ ಓದಿ ಸಮೀಕ್ಷೆ ಮಾಡೋದನ್ನ) ಎಐಗೆ ಒಪ್ಪಿಸಬಹುದಾ? ದೊಡ್ಡ ಲ್ಯಾಬು, ದೊಡ್ಡ ಅನುದಾನ ಇಲ್ಲದವರಿಗೆ ಈ ತಂತ್ರಜ್ಞಾನದಿಂದ ನಿಜವಾಗಿ ಬಾಗಿಲು ತೆರೆದಿರೋದು ಎಲ್ಲಿ? ಅನುಭವ ಇದ್ದವರು ಹೇಳಿ.

ಗ್ರಂಥಪಾಲಕಿ:
ಕೋಡಿಂಗ್‌ಗಿಂತ ಮೊದಲು ಜೊಟೆರೊ ಹಾಕ್ಕೊಳ್ಳಿ. 2006ರಿಂದ ಇರೋ ಉಚಿತ, ಮುಕ್ತ ತಂತ್ರಾಂಶ. ಉಲ್ಲೇಖಪಟ್ಟಿ ತಾನೇ ಮಾಡಿಕೊಡುತ್ತೆ ಅನ್ನೋದು ಎಲ್ರಿಗೂ ಗೊತ್ತು. ಅದಕ್ಕಿಂತ ದೊಡ್ಡ ಉಪಯೋಗ ಇನ್ನೊಂದಿದೆ: ನೀವು ಸೇರಿಸಿಟ್ಟ ಪೇಪರ್ ಮುಂದೆ ಯಾವತ್ತಾದ್ರೂ ರಿಟ್ರಾಕ್ಟ್ ಆದ್ರೆ (ತಪ್ಪು ಅಥವಾ ಮೋಸದ ಕಾರಣಕ್ಕೆ ಪತ್ರಿಕೆ ಅದನ್ನ ಹಿಂತೆಗೆದುಕೊಂಡ್ರೆ) ಅಲ್ಲೇ ಎಚ್ಚರಿಕೆ ತೋರಿಸುತ್ತೆ. ರಿಟ್ರಾಕ್ಷನ್ ವಾಚ್‌ನ ದತ್ತಸಂಚಯದ ಜೊತೆ ಹೋಲಿಸಿ ನೋಡಿ ಹೇಳೋದು ಅದು. ಆ ದತ್ತಸಂಚಯವನ್ನ 2023ರಲ್ಲಿ ಕ್ರಾಸ್‌ರೆಫ್ ಅನ್ನೋ ಸಂಸ್ಥೆ ಕೊಂಡು ಎಲ್ಲರಿಗೂ ಮುಕ್ತ ಮಾಡಿತು. ಅದೇ ವರ್ಷ ಜಗತ್ತಿನಾದ್ಯಂತ ರಿಟ್ರಾಕ್ಟ್ ಆದ ಪೇಪರ್‌ಗಳು 10,000 ದಾಟಿದ್ವು. ನಿಮ್ಮ ವಾದ ಅಂಥದ್ದೊಂದರ ಮೇಲೆ ನಿಂತಿದ್ರೆ ಮೌಖಿಕ ಪರೀಕ್ಷೆಯ ದಿನ ಗೊತ್ತಾಗೋದಕ್ಕಿಂತ ಇವತ್ತೇ ಗೊತ್ತಾಗೋದು ಒಳ್ಳೇದು.

ಆಮೇಲೆ ಸಂಶೋಧಕರ ಗುರುತಿಗಿರೋ ಓರ್ಕಿಡ್ ಸಂಖ್ಯೆ ಮಾಡಿಸ್ಕೊಳ್ಳಿ. 16 ಅಂಕಿ, ಪುಕ್ಕಟೆ. ನಮ್ಮಲ್ಲಿ ಒಂದು ಪೇಪರ್‌ನಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಬರೆಯೋ ಅಭ್ಯಾಸ. ಹಾಗಾದಾಗ ಒಬ್ಬರ ಕೆಲಸ ಇಬ್ಬರ ಹೆಸರಲ್ಲಿ ಹಂಚಿಹೋಗುತ್ತೆ.

ಸುಮ್ನೆಓದುಗ:
ಜೊಟೆರೊಗೆ ನನ್ನದೂ ಒಂದು ಓಟು.

ಯಂತ್ರಕಲಿಕೆ:
ಲಿಟರೇಚರ್ ರಿವ್ಯೂಗೆ ಎಐ ಬಳಸ್ಬೇಡಿ ಅಂತ ಈಗ ಎಲ್ರೂ ಶುರು ಮಾಡ್ತೀರಿ, ಅದಕ್ಕೇ ಮೊದಲೇ ಹೇಳ್ಬಿಡ್ತೀನಿ. ನಾನು ದಿನಾ ಬಳಸ್ತೀನಿ. ಹೊಸ ಕ್ಷೇತ್ರಕ್ಕೆ ಕಾಲಿಟ್ಟಾಗ ಅಲ್ಲಿಯವರು ಯಾವ ಪದ ಬಳಸ್ತಾರೆ, ಯಾವ ಗುಂಪು ಯಾವುದಕ್ಕೆ ವಿರುದ್ಧ ಇದೆ ಅನ್ನೋದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತೆ. ಮುಂಚೆ ಅದಕ್ಕೇ ಒಂದು ಸೆಮಿಸ್ಟರ್ ಹೋಗ್ತಿತ್ತು.

ಅಡಿಟಿಪ್ಪಣಿ:
@ಯಂತ್ರಕಲಿಕೆ ಪದ ತಿಳ್ಕೊಳ್ಳೋದು ಬೇರೆ, ಉಲ್ಲೇಖ ತೆಗೆಯೋದು ಬೇರೆ. ನಾನು ಒಂದು ಪತ್ರಿಕೆಗೆ ಪರಿಶೀಲನೆ ಮಾಡ್ತೀನಿ. ಈಚೆಗೆ ಬರೋ ಹಸ್ತಪ್ರತಿಗಳಲ್ಲಿ ಇಲ್ಲದೇ ಇರೋ ಪೇಪರ್‌ಗಳು ಕಾಣಿಸ್ತಿವೆ. ಲೇಖಕರ ಹೆಸರು ನಿಜ, ಪತ್ರಿಕೆ ನಿಜ, ಸಂಪುಟ ಸಂಖ್ಯೆ ಕೂಡ ನಂಬೋ ಹಾಗಿರುತ್ತೆ. ಹುಡುಕಿದ್ರೆ ಆ ಪೇಪರ್ರೇ ಇಲ್ಲ. ಯಂತ್ರ ಮೋಸ ಮಾಡ್ತಿಲ್ಲ. ಉಲ್ಲೇಖ ಅನ್ನೋದು ನೋಡೋಕೆ ಹೇಗಿರುತ್ತೋ ಹಾಗಿರೋ ಅಕ್ಷರಗಳನ್ನ ಜೋಡಿಸ್ತಿದೆ. 2022ರ ನವೆಂಬರ್‌ನಲ್ಲಿ ಮೆಟಾ ಕಂಪನಿ ವಿಜ್ಞಾನಿಗಳಿಗೆ ಅಂತಲೇ ಗ್ಯಾಲಕ್ಟಿಕಾ ಅನ್ನೋ ಮಾದರಿ ತಂದು, ಇದೇ ಥರದ ಕಟ್ಟುಕಥೆಗಳ ಕಾರಣಕ್ಕೆ ಸಾರ್ವಜನಿಕ ಪ್ರದರ್ಶನವನ್ನ 3 ದಿನದಲ್ಲಿ ವಾಪಸ್ ತಗೊಂಡಿತ್ತು. ಮಾದರಿಗಳು ಆಮೇಲೆ ಸುಧಾರಿಸಿವೆ, ಒಪ್ತೀನಿ. ಆದ್ರೆ ತಪ್ಪು ಕಡಿಮೆ ಆದಷ್ಟೂ ಜನ ಪರೀಕ್ಷಿಸೋದನ್ನ ಬಿಡ್ತಾರೆ, ನನಗೆ ಭಯ ಅದು.

ಯಂತ್ರಕಲಿಕೆ:
ಸರ್, ನಿಮ್ಮ ಭಯ ಸರಿ. ಆದ್ರೆ ಎರಡು ಬಗೆಯ ಟೂಲ್‌ಗಳನ್ನ ಒಂದೇ ಅಂತ ನೋಡ್ಬಾರ್ದು. ಒಂದು ಬಗೆ ತನ್ನ ನೆನಪಿನಿಂದ ಬರೆಯುತ್ತೆ. ಇನ್ನೊಂದು ನಿಜವಾದ ಸೂಚಿಯಲ್ಲಿ ಹುಡುಕಿ, ಸಿಕ್ಕ ಪೇಪರ್ ಓದಿ, ಕೊಂಡಿ ಕೊಡುತ್ತೆ. ಎರಡನೆಯದರಲ್ಲಿ ಇಲ್ಲದ ಪೇಪರ್ ಬರೋದು ಅಪರೂಪ. ಇರೋ ಪೇಪರ್‌ನ ಅಭಿಪ್ರಾಯವನ್ನ ತಪ್ಪಾಗಿ ಹೇಳೋ ಅಪಾಯ ಮಾತ್ರ ಇದ್ದೇ ಇದೆ. ಅದಕ್ಕೆ ಮೂಲ ತೆಗೆದು ಓದಲೇಬೇಕು. ಅಲ್ಲಿಗೆ ನಮ್ಮಿಬ್ಬರ ಮಾತೂ ಒಂದೇ ಆಯ್ತು.

ಇನ್ನು ಸೂಚಿಯ ವಿಷಯ ಬಂದಿದ್ದಕ್ಕೆ: ಮೈಕ್ರೋಸಾಫ್ಟ್ ತನ್ನ ಅಕಾಡೆಮಿಕ್ ಗ್ರಾಫ್ ಅನ್ನೋ ಪೇಪರ್‌ಗಳ ಸೂಚಿಯನ್ನ 2021ರ ಕೊನೆಗೆ ನಿಲ್ಲಿಸಿದಾಗ ಒಂದು ಲಾಭರಹಿತ ತಂಡ 2022ರ ಜನವರಿಯಲ್ಲಿ ಓಪನ್‌ಅಲೆಕ್ಸ್ ಅನ್ನೋ ಮುಕ್ತ ಸೂಚಿ ಶುರು ಮಾಡಿತು. ಪ್ರಾಚೀನ ಅಲೆಕ್ಸಾಂಡ್ರಿಯಾ ಗ್ರಂಥಾಲಯದ ನೆನಪಿಗೆ ಇಟ್ಟ ಹೆಸರು. ದುಬಾರಿ ಚಂದಾದಾರಿಕೆ ಇಲ್ಲದೇ ಯಾರು ಬೇಕಾದ್ರೂ ಅದರ ದತ್ತಾಂಶ ಇಳಿಸ್ಕೊಂಡು, ಒಂದು ಕ್ಷೇತ್ರದಲ್ಲಿ ಯಾರು ಯಾರನ್ನ ಉಲ್ಲೇಖಿಸ್ತಿದ್ದಾರೆ ಅಂತ ಜಾಲ ಬಿಡಿಸಬಹುದು. ಸಮಾಜವಿಜ್ಞಾನದವರಿಗೆ ಇದರಲ್ಲೇ ಪಿಎಚ್‌ಡಿ ವಿಷಯ ಇದೆ.

ಪ್ರೋಟೀನ್‌ಮಡಿಕೆ:
ನೀವೆಲ್ಲ ಚಾಟ್‌ಬಾಟ್ ಬಗ್ಗೆನೇ ಮಾತಾಡ್ತಿದೀರಿ. ನಮ್ಮ ಕ್ಷೇತ್ರವನ್ನ ಬದಲಾಯಿಸಿದ್ದು ಆಲ್ಫಾಫೋಲ್ಡ್, ಪ್ರೋಟೀನಿನ ಆಕಾರ ಊಹಿಸೋ ಡೀಪ್‌ಮೈಂಡ್ ಕಂಪನಿಯ ಎಐ. ಒಂದು ಪ್ರೋಟೀನಿನ ಆಕಾರ ತಿಳಿಯೋಕೆ ಹರಳು ಬೆಳೆಸಿ, ಎಕ್ಸ್‌ರೇ ಹಾಯಿಸಿ ವರ್ಷಗಟ್ಟಲೆ ಕಾಯ್ತಿದ್ವಿ. 2021ರಲ್ಲಿ ಆಲ್ಫಾಫೋಲ್ಡ್ ಮಾಡಿದವರು ದತ್ತಸಂಚಯ ತೆರೆದ್ರು, 2022ರ ಹೊತ್ತಿಗೆ ಅದರಲ್ಲಿ 20 ಕೋಟಿಗೂ ಹೆಚ್ಚು ರಚನೆಗಳು. 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅರ್ಧ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಹೋಗಿದ್ದು ಇದಕ್ಕೇ; ಉಳಿದರ್ಧ ಹೊಸ ಪ್ರೋಟೀನ್ ವಿನ್ಯಾಸ ಮಾಡಿದ ಡೇವಿಡ್ ಬೇಕರ್ ಅವರಿಗೆ.

ಆದ್ರೆ ಅದು ಇಷ್ಟು ಗೆದ್ದಿದ್ದಕ್ಕೆ ಕಾರಣ ನೋಡಿ. ಪ್ರೋಟೀನ್ ಡೇಟಾ ಬ್ಯಾಂಕ್ ಅಂತ 1971ರಿಂದ ಇದೆ. ಜಗತ್ತಿನ ಸಂಶೋಧಕರು ತಾವು ಬಿಡಿಸಿದ ರಚನೆಗಳನ್ನ ದಶಕಗಟ್ಟಲೆ ಅಲ್ಲಿ ಪುಕ್ಕಟೆ ಇಟ್ಟಿದ್ರಿಂದ ಯಂತ್ರಕ್ಕೆ ಕಲಿಯೋಕೆ ಪಾಠ ಸಿಕ್ತು. ಆ ರಾಶಿ ಇಲ್ಲದಿದ್ರೆ ಎಷ್ಟು ದೊಡ್ಡ ಕಂಪ್ಯೂಟರ್ ಇದ್ರೂ ಆಗ್ತಿರ್ಲಿಲ್ಲ.

ಮಾಸ್ತರ:
ಚಲೋ ಮಾತು ಹೇಳಿದ್ರಿ. ಆದ್ರ ಒಂದು ಪ್ರಶ್ನೆ ಐತ್ರಿ. ಯಂತ್ರ ಕೊಟ್ಟ ಆಕಾರ ಖರೇ ಅಂತ ಹೆಂಗ ನಂಬೂದು?

ಪ್ರೋಟೀನ್‌ಮಡಿಕೆ:
@ಮಾಸ್ತರ ಸರ್, ಪೂರ್ತಿ ನಂಬೋ ಹಾಗಿಲ್ಲ. ಪ್ರತಿ ಅಮೈನೋ ಆಮ್ಲಕ್ಕೂ ತನಗೆ ಎಷ್ಟು ಭರವಸೆ ಇದೆ ಅಂತ 0ಯಿಂದ 100ರ ಅಂಕ ಅದೇ ಕೊಡುತ್ತೆ. 90ಕ್ಕಿಂತ ಮೇಲಿದ್ರೆ ಗಟ್ಟಿ, 50ಕ್ಕಿಂತ ಕೆಳಗಿದ್ರೆ ಆ ಭಾಗಕ್ಕೆ ನಿಜಕ್ಕೂ ಒಂದು ಸ್ಥಿರ ಆಕಾರವೇ ಇಲ್ಲದಿರಬಹುದು. ಆ ಅಂಕ ನೋಡದೇ ಬರೀ ಬಣ್ಣದ ಚಿತ್ರ ಸ್ಲೈಡಿಗೆ ಹಾಕೋ ವಿದ್ಯಾರ್ಥಿಗಳಿದ್ದಾರೆ. ನಾನು ಅಂಥ ಸ್ಲೈಡ್ ಬಂದ್ರೆ ಅಲ್ಲೇ ನಿಲ್ಲಿಸ್ತೀನಿ.

ಕ್ಷೇತ್ರಕಾರ್ಯ:
ಇದೆಲ್ಲ ದೊಡ್ಡ ಕಂಪನಿಗಳ ಕಥೆ ಆಯ್ತು. ಎರಡನೇವರ್ಷ ಕೇಳಿದ್ದು ಅನುದಾನ ಇಲ್ಲದವರ ಬಗ್ಗೆ.

ರಾತ್ರಿಆಕಾಶ:
ಅನುದಾನ ಇಲ್ಲದವರಿಗೆ ಖಗೋಳ ವಿಜ್ಞಾನದಷ್ಟು ತೆರೆದ ಮನೆ ಇನ್ನೊಂದಿಲ್ಲ. ಹಬಲ್ ದೂರದರ್ಶಕದ ಹಳೇ ದತ್ತಾಂಶ, ಸ್ಲೋನ್ ಆಕಾಶ ಸಮೀಕ್ಷೆ, ಗುರುತ್ವ ಅಲೆಗಳ ದತ್ತಾಂಶ, ಎಲ್ಲವೂ ಯಾರು ಬೇಕಾದ್ರೂ ಇಳಿಸ್ಕೊಳ್ಳೋ ಹಾಗಿವೆ. 2007ರಲ್ಲಿ ಗ್ಯಾಲಕ್ಸಿ ಝೂ ಅಂತ ಶುರು ಮಾಡಿ, ನಕ್ಷತ್ರಪುಂಜಗಳ ಚಿತ್ರ ವಿಂಗಡಿಸೋಕೆ ಸಾರ್ವಜನಿಕರನ್ನ ಕರೆದ್ರು. ಅದರಲ್ಲಿ ಹ್ಯಾನಿ ವ್ಯಾನ್ ಆರ್ಕೆಲ್ ಅನ್ನೋ ಡಚ್ ಶಾಲಾ ಶಿಕ್ಷಕಿ ಒಂದು ವಿಚಿತ್ರ ಅನಿಲಮೋಡ ಗುರುತಿಸಿ "ಇದೇನು?" ಅಂತ ಕೇಳಿದ್ರು. ಅದು ಪಕ್ಕದ ಪುಂಜದ ನಡುವಿನಿಂದ ಹಿಂದೊಮ್ಮೆ ಹೊರಟ ಬೆಳಕಿಗೆ ಇನ್ನೂ ಹೊಳೀತಿರೋ ಅನಿಲ ಅಂತ ಆಮೇಲೆ ಗೊತ್ತಾಯ್ತು. ಅವರ ಹೆಸರೇ ಆ ಮೋಡಕ್ಕೆ ಉಳಿದಿದೆ.

ಹಳೇಕಡತ:
ನನ್ನದು ಇತಿಹಾಸ. ಮಾನವಿಕ ವಿಷಯದವರಿಗೆ ಈಗ ಬಂದಿರೋ ಅವಕಾಶ ಹಿಂದೆ ಯಾವತ್ತೂ ಬಂದಿರ್ಲಿಲ್ಲ ಅಂತ ಧೈರ್ಯವಾಗಿ ಹೇಳ್ತೀನಿ. ವೆಸೂವಿಯಸ್ ಚಾಲೆಂಜ್ ಕೇಳಿರಬಹುದು. ಕ್ರಿ.ಶ. 79ರ ಜ್ವಾಲಾಮುಖಿಯಲ್ಲಿ ಸುಟ್ಟು ಇದ್ದಿಲಾದ, ಇಟಲಿಯ ಹರ್ಕ್ಯುಲೇನಿಯಂ ಊರಿನ ಪಪೈರಸ್ ಸುರುಳಿಗಳು. ಬಿಚ್ಚೋಕೆ ಹೋದ್ರೆ ಪುಡಿಯಾಗ್ತವೆ. ಸ್ಕ್ಯಾನ್‌ಗಳನ್ನ 2023ರಲ್ಲಿ ಎಲ್ಲರಿಗೂ ತೆರೆದಿಟ್ಟು ಬಹುಮಾನ ಘೋಷಿಸಿದ್ರು. ಲ್ಯೂಕ್ ಫ್ಯಾರಿಟರ್ ಅನ್ನೋ ಪದವಿ ವಿದ್ಯಾರ್ಥಿ ಮೊದಲ ಪದ ಓದಿದ. 2024ರ ಫೆಬ್ರವರಿಯಲ್ಲಿ ಅವನೂ, ಯೂಸೆಫ್ ನಾದರ್, ಜೂಲಿಯನ್ ಶಿಲ್ಲಿಗರ್ ಅನ್ನೋ ಇನ್ನಿಬ್ಬರು ವಿದ್ಯಾರ್ಥಿಗಳೂ ಸೇರಿ 2,000ಕ್ಕೂ ಹೆಚ್ಚು ಅಕ್ಷರ ಓದಿ 7 ಲಕ್ಷ ಡಾಲರ್ ಬಹುಮಾನ ಗೆದ್ರು. ಮೂವರೂ ದೊಡ್ಡ ಪ್ರಾಧ್ಯಾಪಕರಲ್ಲ. ಆದ್ರೆ ಅವರು ತೆಗೆದ ಗ್ರೀಕ್ ಪಠ್ಯವನ್ನ ಓದಿ ಹೌದು ಅನ್ನೋಕೆ ಪಪೈರಸ್ ಪಂಡಿತರೇ ಬೇಕಾಯ್ತು, ಅದನ್ನ ಯಾರೂ ಮರೀಬಾರ್ದು.

ಅಷ್ಟು ದೊಡ್ಡದು ಬೇಡ ಅಂದ್ರೆ ಟ್ರಾನ್ಸ್‌ಕ್ರಿಬಸ್ ನೋಡಿ. ಕೈಬರಹ ಓದೋ ತಂತ್ರಾಂಶ. ಒಂದು ಕಡತದ ಬರವಣಿಗೆಯಲ್ಲಿ 5,000ದಿಂದ 15,000 ಪದ ನೀವೇ ಓದಿ, ಟೈಪ್ ಮಾಡಿ ತೋರಿಸಿದ್ರೆ ಉಳಿದ ಪುಟಗಳನ್ನ ಅದು ಓದೋಕೆ ಶುರು ಮಾಡುತ್ತೆ. ತಪ್ಪು ಮಾಡುತ್ತೆ, ತಿದ್ದಬೇಕು. ಆದ್ರೂ ಸಾವಿರಾರು ಪುಟದಲ್ಲಿ ಒಂದು ಹೆಸರನ್ನ ಹುಡುಕೋದು ಸಾಧ್ಯವಾಗುತ್ತೆ, ಅದು ಹಿಂದೆ ಆಗ್ತಾನೇ ಇರ್ಲಿಲ್ಲ.

ಸುಮ್ನೆಓದುಗ:
ವೆಸೂವಿಯಸ್ ವಿಷಯ ಗೊತ್ತೇ ಇರ್ಲಿಲ್ಲ. ಮೊದಲ ಪದ ಯಾವುದು?

ಹಳೇಕಡತ:
ಗ್ರೀಕ್‌ನಲ್ಲಿ ನೇರಳೆ ಬಣ್ಣ ಅನ್ನೋ ಅರ್ಥದ್ದು.

ಪ್ರಮಾಣವಿಚಲನೆ:
ಹೊಸ ತಂತ್ರಜ್ಞಾನದ ಬಗ್ಗೆ ಉತ್ಸಾಹ ಇರ್ಲಿ, ಹಳೇ ತಂತ್ರಜ್ಞಾನದಲ್ಲೇ ಎಷ್ಟು ತಪ್ಪಾಗ್ತಿದೆ ನೋಡಿ. ಎಕ್ಸೆಲ್. ವಂಶವಾಹಿಗಳಿಗೆ ಸೆಪ್ಟ್1, ಮಾರ್ಚ್1 ಅಂತ ಚುಟುಕು ಹೆಸರುಗಳಿದ್ವು. ಎಕ್ಸೆಲ್ ಅದನ್ನ ಸೆಪ್ಟೆಂಬರ್ 1, ಮಾರ್ಚ್ 1 ಅಂತ ತಾರೀಖು ಮಾಡ್ಬಿಡ್ತಿತ್ತು. 2016ರ ಒಂದು ಅಧ್ಯಯನದಲ್ಲಿ, ಎಕ್ಸೆಲ್ ಪಟ್ಟಿ ಜೊತೆಗಿಟ್ಟ ಜೀನೋಮ್ ಪೇಪರ್‌ಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪು ಸಿಕ್ತು. ಕೊನೆಗೆ 2020ರಲ್ಲಿ ಆ ವಂಶವಾಹಿಗಳ ಹೆಸರನ್ನೇ ಬದಲಾಯಿಸಿದ್ರು. ಅರ್ಥಶಾಸ್ತ್ರದಲ್ಲೂ ಅಷ್ಟೇ, ರೈನ್‌ಹಾರ್ಟ್ ಮತ್ತು ರೋಗಾಫ್ ಅವರ, ಸರ್ಕಾರದ ಸಾಲ ಹೆಚ್ಚಾದ್ರೆ ದೇಶದ ಬೆಳವಣಿಗೆ ಕುಸಿಯುತ್ತೆ ಅನ್ನೋ 2010ರ ಪೇಪರ್‌ನ ತೀರ್ಮಾನ ತಲೆಕೆಳಗಾಗಿದ್ದು ಒಂದು ಎಕ್ಸೆಲ್ ತಪ್ಪಿನಿಂದ.

ಅಡಿಟಿಪ್ಪಣಿ:
ಕೊನೇದನ್ನ ಸ್ವಲ್ಪ ತಿದ್ದಬೇಕು. ಎಕ್ಸೆಲ್ ಸೂತ್ರದಲ್ಲಿ 5 ದೇಶಗಳು ಬಿಟ್ಟುಹೋಗಿದ್ದು ನಿಜ. ಆದ್ರೆ ಫಲಿತಾಂಶ ಬದಲಾಗಿದ್ದಕ್ಕೆ ಅದರ ಪಾಲು ಚಿಕ್ಕದು. ಕೆಲವು ವರ್ಷಗಳ ದತ್ತಾಂಶ ಕೈಬಿಟ್ಟಿದ್ದು, ದೇಶಗಳಿಗೆ ತೂಕ ಕೊಟ್ಟ ರೀತಿ, ಇವುಗಳಿಂದಲೇ ಹೆಚ್ಚು ವ್ಯತ್ಯಾಸ ಬಂದಿದ್ದು. ಸಾಲ ಜಿಡಿಪಿಯ 90 ಶೇಕಡ ಮೀರಿದ ದೇಶಗಳ ಸರಾಸರಿ ಬೆಳವಣಿಗೆ ಮೈನಸ್ 0.1 ಶೇಕಡ ಅಂತ ಇದ್ದದ್ದು, ಸರಿಪಡಿಸಿದ ಮೇಲೆ 2.2 ಶೇಕಡ ಬಂತು. 2013ರಲ್ಲಿ ಅದನ್ನ ಕಂಡುಹಿಡಿದವರು ಥಾಮಸ್ ಹರ್ನ್‌ಡನ್, ಆಗ ಅವರು ಪಿಎಚ್‌ಡಿ ವಿದ್ಯಾರ್ಥಿ. ತರಗತಿಯ ಅಭ್ಯಾಸಕ್ಕೆ ಅಂತ ಆ ಪೇಪರ್‌ನ ಲೆಕ್ಕ ಮತ್ತೆ ಮಾಡೋಕೆ ಹೋದ್ರು, ಹೊಂದಲಿಲ್ಲ, ಲೇಖಕರನ್ನ ಕೇಳಿದಾಗ ಅವರು ಕಡತ ಕಳಿಸಿದ್ರು. ಆ ಕಡತ ಕಳಿಸಿದ್ರಲ್ಲ, ಅದಕ್ಕೆ ಲೇಖಕರಿಗೂ ಗೌರವ ಸಲ್ಲಬೇಕು.

@ಎರಡನೇವರ್ಷ, ನಿಮ್ಮ ಮೂರನೇ ಪ್ರಶ್ನೆಗೆ ಇದೇ ನನ್ನ ಉತ್ತರ. ಹೊಸದೇನೋ ಕಟ್ಟೋದಕ್ಕೆ ದುಡ್ಡು ಬೇಕು. ಇನ್ನೊಬ್ಬರ ಫಲಿತಾಂಶವನ್ನ ಅವರದೇ ದತ್ತಾಂಶದಲ್ಲಿ ಮತ್ತೆ ಮಾಡಿ ನೋಡೋಕೆ ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಆ ಕೆಲಸ ಮಾಡೋರು ತುಂಬಾ ಕಡಿಮೆ.

ಪ್ರಮಾಣವಿಚಲನೆ:
ತಿದ್ದಿದ್ದು ಸರಿ ಇದೆ, ಥ್ಯಾಂಕ್ಸ್. ಮನೋವಿಜ್ಞಾನದ 100 ಅಧ್ಯಯನಗಳನ್ನ ಮತ್ತೆ ಮಾಡಿ ನೋಡಿದ 2015ರ ಯೋಜನೆಯನ್ನೂ ಸೇರಿಸಿ. ಮೂಲದಲ್ಲಿ 97 ಶೇಕಡ ಅಧ್ಯಯನಗಳಿಗೆ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಗಣನೀಯ ಫಲಿತಾಂಶ, ಮತ್ತೆ ಮಾಡಿದಾಗ 36 ಶೇಕಡಕ್ಕೆ ಮಾತ್ರ.

ಕ್ಷೇತ್ರಕಾರ್ಯ:
ಎಲ್ರೂ ಮುಕ್ತ ದತ್ತಾಂಶ ಅಂತೀರಿ, ನನಗೆ ಇದು ಒಪ್ಪಿಗೆ ಇಲ್ಲ. ನನ್ನ ಜೊತೆ ಓದಿದವರೊಬ್ಬರು ವರ್ಷಗಟ್ಟಲೆ ಜನರ ಜೊತೆ ಇದ್ದು ಸಂದರ್ಶನ ಮಾಡಿ, ಪತ್ರಿಕೆ ಒತ್ತಾಯಿಸಿತು ಅಂತ ಎಲ್ಲಾ ದತ್ತಾಂಶ ಹಾಕಿದ್ರು. ಅವರ ಎರಡನೇ ಪೇಪರ್ ಬರೋ ಮೊದಲೇ ಇನ್ನೊಂದು ತಂಡ ಅದೇ ದತ್ತಾಂಶದಿಂದ ಅದೇ ಮಾತು ಬರೀತು. ಯಂತ್ರದ ಮುಂದೆ ಕೂತು ದತ್ತಾಂಶ ಇಳಿಸೋರಿಗೆ ಬಿಸಿಲಲ್ಲಿ ನಿಂತು ಸಂಗ್ರಹಿಸಿದವರ ಶ್ರಮ ಕಾಣಲ್ಲ. ಇನ್ನು ನಂಬಿ ಮಾತಾಡಿದ ಜನರ ಗೋಪ್ಯತೆ? ಹೆಸರು ತೆಗೆದ್ರೆ ಸಾಕಾ?

ಗ್ರಂಥಪಾಲಕಿ:
ಹೆಸರು ತೆಗೆದ್ರೆ ಸಾಲದು, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಲತಾನ್ಯಾ ಸ್ವೀನಿ 1990ರ ದಶಕದಲ್ಲೇ ತೋರಿಸಿದ್ರು: ಹೆಸರಿಲ್ಲದ ವೈದ್ಯಕೀಯ ದಾಖಲೆಯನ್ನ ಮತದಾರರ ಪಟ್ಟಿ ಜೊತೆ ಇಟ್ಟು ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದ ಗವರ್ನರ್ ಅವರ ದಾಖಲೆಯನ್ನೇ ಗುರುತಿಸಿದ್ರು. ಅಂಚೆ ಸಂಖ್ಯೆ, ಹುಟ್ಟಿದ ದಿನಾಂಕ, ಲಿಂಗ, ಇಷ್ಟೇ ಸಾಕಾಗಿತ್ತು.

ಆದ್ರೆ ಎಲ್ಲಾ ಹಾಕು ಇಲ್ಲಾ ಏನೂ ಹಾಕ್ಬೇಡ ಅನ್ನೋ ಎರಡೇ ದಾರಿ ಇಲ್ಲ. 2016ರ ಫೇರ್ ತತ್ವಗಳನ್ನ ಜನ ತಪ್ಪು ತಿಳ್ಕೊಂಡಿದ್ದಾರೆ. ದತ್ತಾಂಶ ಹುಡುಕಿದ್ರೆ ಸಿಗಬೇಕು, ಯಾವ ಷರತ್ತಿನ ಮೇಲೆ ಸಿಗುತ್ತೆ ಅಂತ ಬರೆದಿರಬೇಕು ಅನ್ನುತ್ತೆ ಅದು. ಎಲ್ಲರಿಗೂ ಬಿಚ್ಚಿಡಿ ಅನ್ನಲ್ಲ. ಸೆರ್ನ್ ಸಂಸ್ಥೆ 2013ರಿಂದ ನಡೆಸ್ತಿರೋ, ದತ್ತಾಂಶ ಇಡೋ ತಾಣ ಜೆನೊಡೊದಲ್ಲಿ ಇಂಥ ದಿನಾಂಕದವರೆಗೆ ತೆರೆಯಬಾರದು ಅಂತ ತಡೆ ಹಾಕಬಹುದು; ವಿವರಣೆ ಮಾತ್ರ ತೆರೆದು ಕಡತ ಕೇಳಿದವರಿಗೆ ಮಾತ್ರ ಕೊಡಬಹುದು. ನಿಮ್ಮ ಸ್ನೇಹಿತರಿಗೆ ಆಗಿದ್ದು ಅನ್ಯಾಯ. ಆದ್ರೆ ಡಿಒಐ (ಶಾಶ್ವತ ಗುರುತು ಸಂಖ್ಯೆ) ಪಡೆದ ದತ್ತಾಂಶ ಬಳಸಿ ಉಲ್ಲೇಖ ಕೊಡದಿದ್ರೆ ದೂರು ಕೊಡೋಕೆ ಕೈಯಲ್ಲಿ ಸಾಕ್ಷಿ ಇರುತ್ತೆ.

ಕ್ಷೇತ್ರಕಾರ್ಯ:
ತಡೆ ಹಾಕೋ ವಿಷಯ ನಮ್ಮಲ್ಲಿ ಯಾರೂ ಹೇಳಿಕೊಡಲ್ಲ. ಹೇಳಿಕೊಡಬೇಕು. ಶ್ರಮದ ಪ್ರಶ್ನೆ ಮಾತ್ರ ಬಗೆಹರೀಲಿಲ್ಲ. ದತ್ತಾಂಶ ಸಂಗ್ರಹವನ್ನೇ ಪೇಪರ್‌ನಷ್ಟು ಗೌರವದಿಂದ ನೇಮಕಾತಿ ಸಮಿತಿ ನೋಡೋ ತನಕ ನನ್ನ ತಕರಾರು ಇದ್ದೇ ಇರುತ್ತೆ.

ಮಾಸ್ತರ:
ಅದು ಖರೇ ಐತಿ ನೋಡ್ರಿ. ಸಮಿತಿಯೊಳಗ ಕುಂತವರು ಪೇಪರ್ ಎಷ್ಟು ಅಂತ ಎಣಸ್ತಾರ, ಓದೂದಿಲ್ಲ. ಅದಕ್ಕ ಹುಡುಗರು ದುಡ್ಡು ಕೊಟ್ಟು ಎಲ್ಲೆಲ್ಲೋ ಛಾಪಿಸ್ತಾರ. ದಿನಾ ಬರ್ತಾವಲ್ರಿ ಮೇಲ್, "ಗೌರವಾನ್ವಿತ ಪ್ರಾಧ್ಯಾಪಕರೇ, ನಿಮ್ಮ ಲೇಖನಕ್ಕ ಕಾಯಾಕತ್ತೇವಿ" ಅಂತ. ಅವಕ್ಕ ಏನ್ ಮಾಡೂದು?

ಗ್ರಂಥಪಾಲಕಿ:
@ಮಾಸ್ತರ ಡಿಒಎಜೆ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ, 2003ರಿಂದ ಇರೋ ಮುಕ್ತ ಪತ್ರಿಕೆಗಳ ಪಟ್ಟಿ ಅದು. ಆಮೇಲೆ ಸಂಪಾದಕ ಮಂಡಳಿಯ ಒಬ್ಬರಿಗಾದ್ರೂ ಅವರ ವಿಶ್ವವಿದ್ಯಾಲಯದ ವಿಳಾಸಕ್ಕೆ ಬರೆದು ಕೇಳಿ. ತಮ್ಮ ಹೆಸರು ಅಲ್ಲಿ ಇರೋದೇ ಎಷ್ಟೋ ಜನಕ್ಕೆ ಗೊತ್ತಿರಲ್ಲ.

ಅಡಿಟಿಪ್ಪಣಿ:
ಪರಿಶೀಲಕರ ಬಗ್ಗೆಯೂ ಒಂದು ಮಾತು. ಗೋಪ್ಯವಾಗಿ ಬಂದ ಹಸ್ತಪ್ರತಿಯನ್ನ ಚಾಟ್‌ಬಾಟ್‌ಗೆ ಹಾಕಿ ವರದಿ ಬರೆಸೋರಿದ್ದಾರೆ. ಅಮೆರಿಕದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2023ರಲ್ಲೇ ಅನುದಾನ ಅರ್ಜಿಗಳ ಪರಿಶೀಲನೆಯಲ್ಲಿ ಇದನ್ನ ನಿಷೇಧಿಸಿದೆ. 2025ರಲ್ಲಿ ಇದರ ಇನ್ನೊಂದು ಮುಖ ಹೊರಬಂತು: ಆರ್ಕೈವ್ (arXiv) ಅನ್ನೋ ತಾಣದಲ್ಲಿದ್ದ ಕೆಲವು ಪ್ರಿಪ್ರಿಂಟ್‌ಗಳಲ್ಲಿ (ಪರಿಶೀಲನೆಗೆ ಮುಂಚೆ ಹಾಕೋ ಪೇಪರ್) ಬಿಳಿ ಅಕ್ಷರದಲ್ಲಿ "ಒಳ್ಳೆಯ ವಿಮರ್ಶೆ ಮಾತ್ರ ಬರೆ" ಅಂತ ಯಂತ್ರಕ್ಕೆ ಬಚ್ಚಿಟ್ಟ ಸೂಚನೆ ಸಿಕ್ತು. ಲೇಖಕರದೂ ತಪ್ಪು, ಓದದೇ ಯಂತ್ರಕ್ಕೆ ಕೊಡೋ ಪರಿಶೀಲಕರದೂ ತಪ್ಪು. ಓದೋ ಜವಾಬ್ದಾರಿ ಒಪ್ಕೊಂಡ ಮೇಲೆ ಓದಬೇಕು.

ಯಂತ್ರಕಲಿಕೆ:
ಇದರಲ್ಲಿ ನಿಮ್ಮ ಜೊತೆ ಪೂರ್ತಿ ಇದೀನಿ ಸರ್.

ಎರಡನೇವರ್ಷ:
ಇಷ್ಟೊಂದು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ತುಂಬಾ ಧನ್ಯವಾದ. ಅಡಿಟಿಪ್ಪಣಿ ಸರ್ ಮಾತು ಮನಸ್ಸಿಗೆ ನಾಟ್ತು. ಹಳೇ ಜನಗಣತಿ ವರದಿಗಳ ಕೋಷ್ಟಕಗಳನ್ನ ಟೈಪ್ ಮಾಡಿಸಿ, ನನ್ನ ಕ್ಷೇತ್ರದ ಒಂದು ಪ್ರಸಿದ್ಧ ಪೇಪರ್‌ನ ಲೆಕ್ಕ ಮತ್ತೆ ಮಾಡಿ ನೋಡೋಣ ಅನ್ನಿಸ್ತಿದೆ. ಇದಕ್ಕೆ ಆರ್ ಕಲೀಲಾ, ಪೈಥಾನ್ ಕಲೀಲಾ?

ಪ್ರಮಾಣವಿಚಲನೆ:
ಆರ್. ಸಂಖ್ಯಾಶಾಸ್ತ್ರಜ್ಞರೇ ಮಾಡಿದ ಭಾಷೆ.

ಕೋಡುಗಾರ:
ಪಕ್ಕದ ಮೇಜಿನವರಿಗೆ ಯಾವುದು ಬರುತ್ತೋ ಅದು. ಸಿಕ್ಕಿಹಾಕ್ಕೊಂಡಾಗ ಕೇಳೋಕೆ ಒಬ್ಬರು ಬೇಕು, ಅದು ಭಾಷೆಗಿಂತ ಮುಖ್ಯ. ದಿ ಕಾರ್ಪೆಂಟ್ರೀಸ್ ಅನ್ನೋ ಸಂಸ್ಥೆಯ ಪಾಠಗಳು ಎರಡಕ್ಕೂ ಇವೆ, ಪುಕ್ಕಟೆ. ಸಂಶೋಧಕರಿಗೆ ಅಂತಲೇ ಬರೆದದ್ದು, ಸಮಾಜವಿಜ್ಞಾನಕ್ಕೆ ಪ್ರತ್ಯೇಕ ಪಾಠವೂ ಇದೆ.

ನಾನು ಸಂಶೋಧನಾ ತಂತ್ರಾಂಶದ ಎಂಜಿನಿಯರ್ ಆಗಿ ಕೆಲಸ ಮಾಡ್ತೀನಿ. ಕೋಡ್ ಬರೆಯೋದು ಕಷ್ಟ ಅಲ್ಲ, ನೀವು ಬರೆದದ್ದು ಬೇರೆಯವರ ಕಂಪ್ಯೂಟರ್‌ನಲ್ಲಿ ನಡೆಯೋ ಹಾಗೆ ಇಡೋದು ಕಷ್ಟ. ಕೋಡ್ ಹಂಚೋ ತಾಣ ಗಿಟ್‌ಹಬ್‌ನಲ್ಲಿದ್ದ, ಕೋಡೂ ಫಲಿತಾಂಶವೂ ಒಟ್ಟಿಗಿರೋ ಲಕ್ಷಾಂತರ ಜುಪಿಟರ್ ನೋಟ್‌ಬುಕ್‌ಗಳನ್ನ ಮತ್ತೆ ಓಡಿಸಿ ನೋಡಿದ 2019ರ ಅಧ್ಯಯನ ಇದೆ. ಓಡಿಸೋಕೆ ಪ್ರಯತ್ನಿಸಿದವುಗಳಲ್ಲಿ ಸುಮಾರು 24 ಶೇಕಡ ಮಾತ್ರ ದೋಷ ಇಲ್ಲದೇ ಓಡಿದ್ವು. ಮೊದಲಿನ ಫಲಿತಾಂಶವೇ ಬಂದಿದ್ದು 4 ಶೇಕಡದಲ್ಲಿ. ಅದಕ್ಕೆ ಮೊದಲ ದಿನದಿಂದ ಗಿಟ್ (ಕೋಡ್‌ನ ಬದಲಾವಣೆಗಳ ದಾಖಲೆ ಇಡೋ ತಂತ್ರಾಂಶ) ಬಳಸಿ, ಯಾವ ಪ್ಯಾಕೇಜಿನ (ಸಿದ್ಧ ಕೋಡ್‌ನ ಕಟ್ಟು) ಯಾವ ಆವೃತ್ತಿ ಬಳಸಿದ್ರಿ ಅಂತ ಬರೆದಿಡಿ. ಮೂಲ ದತ್ತಾಂಶದ ಕಡತವನ್ನ ಯಾವತ್ತೂ ಮುಟ್ಟಬೇಡಿ, ತಿದ್ದುಪಡಿ ಎಲ್ಲಾ ಕೋಡ್‌ನಲ್ಲೇ ಇರ್ಲಿ.

ಕೆಲಸದ ಅವಕಾಶ ಕೇಳಿದ್ರಿ ಅಲ್ವಾ, ನನ್ನ ಹುದ್ದೆಗೆ ಈ ಹೆಸರು ಬಂದಿದ್ದೇ 2012ರಲ್ಲಿ, ಬ್ರಿಟನ್‌ನಲ್ಲಿ. ಈಗ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೇ ತಂಡಗಳಿವೆ. ವಿಷಯ ಓದಿಕೊಂಡು ಕೋಡ್ ಕೂಡ ಬರೋರು ಸಿಗೋದು ಕಷ್ಟ ಅಂತ ಆಯ್ಕೆ ಮಾಡೋರೇ ಹೇಳ್ತಾರೆ. ನಿಮ್ಮ ವಿಭಾಗದ ಹಿರಿಯರ ಎರಡೂ ಗುಂಪಿಗೆ ಇದನ್ನ ತೋರಿಸಿ.

ಹಳೇಕಡತ:
ಟೈಪ್ ಮಾಡಿಸೋ ಮುಂಚೆ ಯಾರಾದ್ರೂ ಆಗಲೇ ಮಾಡಿದ್ದಾರಾ ಅಂತ ಡೇಟಾವರ್ಸ್ ಅನ್ನೋ ಇನ್ನೊಂದು ದತ್ತಾಂಶ ತಾಣ, ಜೆನೊಡೊ ಎರಡರಲ್ಲೂ ಹುಡುಕಿ. ಕೋಷ್ಟಕಗಳಲ್ಲಿ ಸಾಲಿನ ಮೊತ್ತ ಅಚ್ಚಾಗಿರುತ್ತೆ. ನೀವು ಟೈಪ್ ಮಾಡಿದ ಅಂಕಿಗಳನ್ನ ಕೂಡಿಸಿ ಅದರ ಜೊತೆ ತಾಳೆ ನೋಡೋಕೆ ನಾಲ್ಕು ಸಾಲು ಕೋಡ್ ಸಾಕು. ಎಷ್ಟೋ ಸಲ ಅಚ್ಚಾದ ಮೊತ್ತವೇ ತಪ್ಪಿರುತ್ತೆ. ಅದನ್ನ ಸರಿ ಮಾಡೋಕೆ ಹೋಗ್ಬೇಡಿ, ಟಿಪ್ಪಣಿ ಹಾಕಿ.

ಎರಡನೇವರ್ಷ:
ಕೊನೇ ಪ್ರಶ್ನೆ. ಜೆನೊಡೊದಲ್ಲಿ ಹಾಕುವಾಗ ಯಾವ ಪರವಾನಗಿ ಆರಿಸಬೇಕು? ಮುಂದೆ ತಪ್ಪು ಸಿಕ್ಕಿ ತಿದ್ದಿದ್ರೆ ಹಳೇದು ಹೋಗುತ್ತಾ?

ಗ್ರಂಥಪಾಲಕಿ:
ಮೂಲ ವರದಿಯ ಹಕ್ಕು ಯಾರದು ಅಂತ ಮೊದಲು ಖಚಿತ ಮಾಡ್ಕೊಳ್ಳಿ. ಅಡ್ಡಿ ಇಲ್ಲ ಅಂದ್ರೆ ಬರೀ ಅಂಕಿಗಳ ಕೋಷ್ಟಕಕ್ಕೆ ಸಿಸಿ ಝೀರೋ (ಯಾವ ಷರತ್ತೂ ಇಲ್ಲದ ಪರವಾನಗಿ) ಕೊಡೋದು ರೂಢಿ, ಹಲವು ದತ್ತಾಂಶ ಸೇರಿಸಿ ಕೆಲಸ ಮಾಡೋರಿಗೆ ತೊಡಕಾಗಲ್ಲ. ಹೆಸರು ಹೇಳಲೇಬೇಕು ಅನ್ನೋದಿದ್ರೆ ಸಿಸಿ ಬೈ. ಹಳೇದು ಹೋಗಲ್ಲ. ಹೊಸ ಆವೃತ್ತಿ ಹಾಕಿದಾಗ ಅದಕ್ಕೆ ಬೇರೆ ಡಿಒಐ ಬರುತ್ತೆ, ಎಲ್ಲಾ ಆವೃತ್ತಿಗಳಿಗೂ ಸೇರಿ ಇನ್ನೊಂದು ಇರುತ್ತೆ. ಪ್ರಬಂಧದಲ್ಲಿ ನೀವು ಲೆಕ್ಕಕ್ಕೆ ಬಳಸಿದ ಆವೃತ್ತಿಯದ್ದೇ ಕೊಡಿ, ಎಲ್ಲಕ್ಕೂ ಸೇರಿದ್ದನ್ನ ಅಲ್ಲ.